ಬ್ರಿಜಿಡಮ್ಮನವರ ಬಾವಿ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲೇರ್ ಪ್ರಾಂತ್ಯದಲ್ಲಿ, ಲಿಸ್ಕ್ಯಾನರ್ ಗ್ರಾಮದ ಬಳಿ, ಸಂತ ಬ್ರಿಜಿಡಮ್ಮನವರ ಹೆಸರಿನ ಪವಿತ್ರ ಬಾವಿಯೊಂದಿದೆ. ಬಾವಿಯೆಂದರೆ ನಮ್ಮ ಸೇದುಬಾವಿಯಲ್ಲ; ನೆಲದಿಂದ ಒಸರುವ ಚಿಲುಮೆ. ಅದರತ್ತ ಸಾಗುವ ಇಕ್ಕಟ್ಟಾದ ಹಾದಿಯ ಗೋಡೆಗಳ ತುಂಬ ಜಪಮಾಲೆಗಳು, ಸ್ವರೂಪಗಳು, ಅಗಲಿದವರ ಭಾವಚಿತ್ರಗಳು.

ಇಂತಹ ಬಾವಿಗಳು ಆ ದ್ವೀಪದಲ್ಲಿ ಸುಮಾರು 3000 ಇವೆಯೆಂದು ಅಂದಾಜು. ಸಂತರ ಹಬ್ಬದಂದು ಅಲ್ಲಿ ನೆರೆಯುವ ಜಾತ್ರೆಗೆ 'ಪ್ಯಾಟರ್ನ್' ಎಂದು ಹೆಸರು. ಪಾಲಕ ಸಂತರನ್ನು ಸೂಚಿಸುವ 'ಪೇಟ್ರನ್' ಪದವೇ ಜನರ ನಾಲಿಗೆಯಲ್ಲಿ ಹೀಗೆ ಸವೆದಿದೆ. ಭಕ್ತರು ಬರಿಗಾಲಿನಲ್ಲಿ, ಸೂರ್ಯನ ಚಲನೆಯನ್ನು ಅನುಸರಿಸಿ ಬಲಸುತ್ತಾಗಿ ಜಪಿಸುತ್ತಾ ಪ್ರದಕ್ಷಿಣೆ ಬರುತ್ತಾರೆ. ಲೆಕ್ಕ ತಪ್ಪದಿರಲು ಸುತ್ತಿಗೊಂದು ಬೆಣಚುಕಲ್ಲು ಇಡುವುದುಂಟು. ಎಡಸುತ್ತು ಶಾಪ ಹಾಕುವವರದು! ಕೆಲವೆಡೆ ರೋಗಿಯು ಪಕ್ಕದ ಮುಳ್ಳುಮರಕ್ಕೆ ಬಟ್ಟೆಯ ಚೂರೊಂದನ್ನು ಕಟ್ಟುತ್ತಾನೆ. ಅದು ಕೊಳೆತಂತೆ ರೋಗವೂ ಕರಗುವುದೆಂದು ನಂಬಿಕೆ. ಬಿಚ್ಚಿದವನಿಗೆ ಆ ರೋಗ ತಗಲೀತು. ಬಾವಿಯ ನೀರು ಎಷ್ಟು ಕಾಯಿಸಿದರೂ ಕುದಿಯದು. ಅದರಲ್ಲಿ ಬಟ್ಟೆ ಒಗೆದು ಅಪಚಾರವೆಸಗಿದರೆ ಬಾವಿಯೇ ಮುನಿದು ಬೇರೆಡೆಗೆ ಹೋಗುತ್ತದೆ. 1937ರಿಂದ 1939ರವರೆಗೆ ಶಾಲಾಮಕ್ಕಳು ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟ ಜನಪದ ಸಂಗ್ರಹದಲ್ಲಿ ಇಂತಹ ಕಥೆಗಳು ಹೇರಳವಾಗಿವೆ.

ಈ ಕೂಟಗಳನ್ನು ಅಳಿಸಲು ಆಳುವವರು 1704ರಲ್ಲಿ ಕಾನೂನನ್ನೇ ತಂದರು: ಬಾವಿಯ ಬಳಿ ಸೇರಿದವರಿಗೆ 10 ಶಿಲ್ಲಿಂಗ್ ದಂಡ, ತೆರಲಾಗದವರಿಗೆ ಚಾಟಿಯೇಟು. ಜನ ಹೋಗುವುದನ್ನು ಬಿಡಲಿಲ್ಲ. ಆದರೆ ಮುಂದೆ ನಮ್ಮ ಧರ್ಮಾಧ್ಯಕ್ಷರೇ ಅನೇಕ ಜಾತ್ರೆಗಳನ್ನು ನಿಷೇಧಿಸಿದರು. ಕಾರಣವಿಲ್ಲದೆ ಅಲ್ಲ, ಬೆಳಗಿನ ಜಪ ಮುಗಿದ ಮೇಲೆ ಕುಡಿತ, ಗುಂಪುಗಳ ದೊಣ್ಣೆಕಾಳಗ ನಡೆಯುತ್ತಿದ್ದುದು ನಿಜ. 1845ರ ನಂತರದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ವಲಸೆ ಹೋದರು. ಬಾವಿಗಳ ಕಥೆ ಬಲ್ಲ ಬಡವರೇ ಇವರಲ್ಲಿ ಹೆಚ್ಚು. 1850ರ ಥರ್ಲ್ಸ್ ಸಭೆಯ ಬಳಿಕ ಭಕ್ತಿಯ ನೆಲೆ ದೇವಾಲಯದೊಳಕ್ಕೆ ಸರಿಯಿತು. ಎಷ್ಟೋ ಬಾವಿಗಳ ಮೇಲೆ ಪೊದೆ ಬೆಳೆಯಿತು.

ಜಗದ್ಗುರು ಮಹಾ ಗ್ರೆಗೊರಿಯವರು 601ರಲ್ಲಿ ಇಂಗ್ಲೆಂಡಿನ ಧರ್ಮಪ್ರಚಾರಕರಿಗೆ, ಹಳೆಯ ಗುಡಿಗಳನ್ನು ಕೆಡವದೆ ತೀರ್ಥ ಪ್ರೋಕ್ಷಿಸಿ ಬಳಸಿಕೊಳ್ಳುವಂತೆ ಬರೆದಿದ್ದರು. ದೊಣ್ಣೆಯನ್ನು ಕಿತ್ತುಕೊಂಡು ಜಪಮಾಲೆಯನ್ನು ಉಳಿಸಲು ಸಾಧ್ಯವಿತ್ತೆಂದೇ ನನ್ನ ಅಭಿಪ್ರಾಯ. ಲಿಸ್ಕ್ಯಾನರಿನಲ್ಲಿ ಅದು ಉಳಿಯಿತು. ಅಲ್ಲಿ ಇಂದಿಗೂ ಫೆಬ್ರವರಿ 1ರಂದು ಜನ ಬರುತ್ತಾರೆ, ಸುತ್ತು ಹಾಕಿ ನೀರು ಕುಡಿಯುತ್ತಾರೆ, ಗೋಡೆಯಲ್ಲಿ ಜಾಗ ಹುಡುಕಿ ತಮ್ಮವರ ಚಿತ್ರವೊಂದನ್ನು ಇಟ್ಟು ಹೋಗುತ್ತಾರೆ.