ಕನ್ನಂಬಾಡಿ ಅನ್ನೋ ಬ್ಯಾಟರಿ

ಬ್ಯಾಟರಿ ಅಂದ ತಕ್ಷಣ ನಿಮಗೆ ಕೈಯಲ್ಲಿರೋ ಫೋನ್ ನೆನಪಾಗುತ್ತೆ. ನಾನು ಇವತ್ತು ಹೇಳೋದು ನೀರಿನ ಬ್ಯಾಟರಿಯ ಕಥೆ. ಅದನ್ನು ಹಟ ಹಿಡಿದು ಕಟ್ಟಿಸಿದವರು ನಮ್ಮ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯವರು, ಸರ್ ಎಂ. ವಿಶ್ವೇಶ್ವರಯ್ಯ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟರು. ಬೆಂಗಳೂರಿಗೆ ಅದು ಬಂದಿದ್ದು 1905ರಲ್ಲಿ. ಅಲ್ಲಿವರೆಗೆ ಒಂದು ಜಲಪಾತ, ಒಂದು ಲೈನು, ಒಬ್ಬ ದೊಡ್ಡ ಗಿರಾಕಿ. ಬೇರೆ ಗ್ರಿಡ್ಡಿನ ಆಸರೆ ಇಲ್ಲ. ಸಮುದ್ರ ಇಲ್ಲದಿದ್ದರೂ ಅದೊಂದು ದ್ವೀಪವೇ.

ದ್ವೀಪದ ಕಷ್ಟ ಏನು ಗೊತ್ತಾ? ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗುತ್ತೆ, ಪಕ್ಕದವರ ಹತ್ತಿರ ಕೈಗಡ ಕೇಳೋ ಹಾಗಿಲ್ಲ. ಗಣಿಯ ಕೆಲಸ ಮಾತ್ರ ವರ್ಷವಿಡೀ ನಡೀಬೇಕು.

1909ರಲ್ಲಿ ಮುಖ್ಯ ಎಂಜಿನಿಯರ್ ಆದ ವಿಶ್ವೇಶ್ವರಯ್ಯ ಕನ್ನಂಬಾಡಿ ಅಣೆಕಟ್ಟಿನ ಯೋಜನೆ ಮುಂದಿಟ್ಟರು. ಅಷ್ಟು ಕರೆಂಟಿಗೆ ಬೇಡಿಕೆ ಎಲ್ಲಿದೆ ಅಂತ ಹಣಕಾಸು ಇಲಾಖೆ ತಕರಾರು ತೆಗೆಯಿತು. ಆದರೂ 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 81 ಲಕ್ಷ ರೂಪಾಯಿ ಮಂಜೂರು ಮಾಡಿದರು.

ಲೆಕ್ಕ ಇಷ್ಟೇ. ಅಣೆಕಟ್ಟು ಹೊಸ ನೀರು ಹುಟ್ಟಿಸಲ್ಲ, ಮಳೆಗಾಲದ ನೀರನ್ನು ಬೇಸಿಗೆಗೆ ಎತ್ತಿಡುತ್ತೆ. ಆ ಬೇಸಿಗೆ ಕರೆಂಟಿಗೆ ದುಡ್ಡು ಕೊಡೋಕೆ ಗಣಿ ಸಿದ್ಧವಿತ್ತು, ಮಂಡ್ಯದ ಗದ್ದೆಗಳಿಗೂ ನೀರು ಸಿಗ್ತಿತ್ತು. ಊರು ಮುಳುಗಿದವರು ತೆತ್ತ ಬೆಲೆಯೇ ಬೇರೆ.

ಈಗಿನ ದ್ವೀಪಗಳಲ್ಲೂ ಇದೇ ಲೆಕ್ಕ. ದಕ್ಷಿಣ ಅಂಡಮಾನಿನಲ್ಲಿ 20 ಮೆಗಾವಾಟ್ ಸೋಲಾರ್ ಜೊತೆ 8 ಮೆಗಾವಾಟ್-ಅವರ್ ಬ್ಯಾಟರಿ ಇಟ್ಟಿದ್ದಾರೆ. ಆ 20 ಮೆಗಾವಾಟ್ ಲೆಕ್ಕದಲ್ಲೇ ಖಾಲಿ ಮಾಡಿದರೆ ಅರ್ಧ ಗಂಟೆಯೂ ಬರಲ್ಲ. ಆದರೂ ಯಾಕೆ? ಅಲ್ಲಿ ಡೀಸೆಲ್ ಹಡಗಿನಲ್ಲಿ ಬರಬೇಕು. ಮೋಡ ಕವಿದ ಹತ್ತು ನಿಮಿಷಕ್ಕೂ ಬೆಲೆ ಇದೆ.

ಇನ್ನು ನಮ್ಮ ಜಿಲ್ಲೆ. ಇಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ, ಬಿಸಿಲಿದೆ. 2025ರಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಪಂಪ್‌ಸೆಟ್‌ಗಳಿಗೆ ಹಗಲು ಕರೆಂಟ್ ಕೊಡೋ ಕುಸುಮ್-ಸಿ ಸೋಲಾರ್ ಘಟಕ ಉದ್ಘಾಟನೆ ಆಯ್ತು. ಚಿಂತಾಮಣಿಯ ಟೊಮೆಟೊ ಬೆಳೆಗಾರರಿಗೆ ಹಗಲು ಕರೆಂಟ್ ಇದ್ದರೆ ಸಾಕು, ಕೃಷಿ ಹೊಂಡವೇ ಅವರ ಬ್ಯಾಟರಿ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚೋರ ಕಥೆ ಹಾಗಲ್ಲ. ಬೇಯಿಸಿದ ಗೂಡು ಕರೆಂಟಿಗಾಗಿ ಕಾಯಲ್ಲ.

ಹಾಗಾಗಿ ಬ್ಯಾಟರಿ ದುಬಾರಿನಾ ಅಂತ ಯಾರಾದರೂ ಕೇಳಿದರೆ, ನಾನು ಮೊದಲು ಕೇಳೋದು: ಕರೆಂಟ್ ಹೋದ ಆ ಒಂದು ಗಂಟೆಯಲ್ಲಿ ನಷ್ಟ ಯಾರಿಗೆ, ಎಷ್ಟು? ಕನ್ನಂಬಾಡಿಗೆ ದುಡ್ಡು ಹೊಂದಿಸೋಕೆ ಮುಂಚೆ ಎತ್ತಬೇಕಾಗಿದ್ದ ಪ್ರಶ್ನೆಯೂ ಅದೇ.