ನವಿಲುಕೋಸಿನ ಹೆಸರು

ಶಿರಾ ಸಂತೆಯಲ್ಲಿ ಒಬ್ಬರು ಇದನ್ನು ಗೆಡ್ಡೆಕೋಸು ಅನ್ನುತ್ತಾರೆ, ಪಕ್ಕದವರು ನವಿಲುಕೋಸು ಅನ್ನುತ್ತಾರೆ. ಹೋಟೆಲಿನವರ ಚೀಟಿಯಲ್ಲಿ ಅದೇ ತರಕಾರಿ ‘ನೂಕೋಲ್’ ಆಗಿರುತ್ತದೆ. ಇವುಗಳಲ್ಲಿ ಗೆಡ್ಡೆಕೋಸು ಎಂಬ ಮಾತನ್ನು ನಂಬಿ ನಾನು ಅರ್ಧ ಪಾತಿ ಬೆಳೆ ಕಳೆದುಕೊಂಡೆ.

ಗೌಡಗೆರೆಯ ನಮ್ಮ ಹಿತ್ತಿಲಲ್ಲಿ ದೀಪಾವಳಿ ಹೊತ್ತಿಗೆ ಒಟ್ಲು ಬಿಟ್ಟು, ಇಪ್ಪತ್ತೈದು ದಿನದ ಪೈರನ್ನು ಮುಕ್ಕಾಲು ಅಡಿಗೊಂದರಂತೆ ನಾಟಿ ಮಾಡಿದ್ದೆ. ಬುಡ ಉಬ್ಬತೊಡಗಿತು. ಗೆಡ್ಡೆಯಲ್ಲವೇ, ಮಣ್ಣೊಳಗಿದ್ದರೆ ದಪ್ಪವಾಗುತ್ತದೆಂದು ಮಣ್ಣು ಏರಿಸಿದೆ. ಪಕ್ಕದ ಮನೆಯ ದೊಡ್ಡವ್ವ ಬೇಲಿಯಾಚೆಯಿಂದ ನೋಡಿ, “ಅಯ್ಯೋ ಮಗಾ, ಕುತ್ಗೆವರ್ಗೂ ಹೂತಿದ್ದೀಯಲ್ಲ! ಅದೇನು ಮೂಲಂಗಿನಾ? ಮಣ್ಣು ತೆಗಿ, ಗಾಳಿ ಆಡ್ಲಿ” ಅಂದರು. ತೆಗೆದು ನೋಡಿದರೆ ಅಷ್ಟರಲ್ಲೇ ಅರ್ಧಕ್ಕರ್ಧ ಕೊಳೆತಿತ್ತು.

ಅದು ಗೆಡ್ಡೆಯೇ ಅಲ್ಲ, ಉಬ್ಬಿದ ಕಾಂಡ. ನೆಲಕ್ಕೆ ತಾಗದಂತೆ, ಸಣ್ಣ ಕಾಲಿನ ಮೇಲೆ ನಿಂತ ತಿಳಿಹಸಿರು ಚೆಂಡು. ಅದರ ಮೈಯಿಂದಲೇ ನೀಳ ತೊಟ್ಟುಗಳು ಸುತ್ತಲೂ ಚಿಮ್ಮಿ, ತುದಿಯಲ್ಲಿ ಬೂದಿ ಬಳಿದಂಥ ಹಸಿರೆಲೆ ಹಿಡಿದಿರುತ್ತವೆ. ಬೆಳಗಿನ ಬಿಸಿಲಲ್ಲಿ ಬಗ್ಗಿ ನೋಡಿ: ದುಂಡು ಮೈ, ಹಿಂದೆ ಬಿಚ್ಚಿದ ಗರಿ. ನವಿಲು ಎಂದವರು ಗಿಡವನ್ನು ಹೊಲದಲ್ಲಿ ನೋಡಿದವರು; ಗೆಡ್ಡೆ ಎಂದವರು ಸೊಪ್ಪು ಕತ್ತರಿಸಿದ ಮೇಲೆ ತಕ್ಕಡಿಯಲ್ಲಿ ನೋಡಿದವರು ಅನ್ನಿಸುತ್ತದೆ ನನಗೆ.

ನೂಕೋಲ್ ಬಂದದ್ದು ಡಚ್ಚರ ‘ಕ್ನೋಲ್‌ಕೋಲ್’ನಿಂದ. ಜರ್ಮನರು ಕೋಲ್‌ರಾಬಿ ಅನ್ನುತ್ತಾರೆ, ಕಾಶ್ಮೀರದವರು ಮೊಂಜ್ ಅನ್ನುತ್ತಾರೆ. ತಮಿಳರ ಬಾಯಲ್ಲಿ ಡಚ್ಚರ ಮಾತು ನೂಲ್‌ಕೋಲ್ ಆಯಿತು. ನೂಲಿಗೂ ಈ ಕಾಯಿಗೂ ಏನೂ ಸಂಬಂಧವಿಲ್ಲ. ಆ ಸದ್ದೇ ಕನ್ನಡದ ಕಿವಿಗೆ ನವಿಲಾಗಿ ಕೇಳಿಸಿರಬೇಕು, ಗಿಡ ನೋಡಿದ ಕಣ್ಣು ಅದಕ್ಕೆ ಹೂಂಗುಟ್ಟಿರಬೇಕು ಎಂದು ನನ್ನ ಎಣಿಕೆ. ಹೊರಗಿನಿಂದ ಬಂದ ಎಷ್ಟೋ ವಸ್ತುಗಳಿಗೆ ನಾವು ‘ಸೀಮೆ’ ಸೇರಿಸಿದವರು: ಸೀಮೆಬದನೆ, ಸೀಮೆಸುಣ್ಣ, ಸೀಮೆಎಣ್ಣೆ. ಇದನ್ನು ಮಾತ್ರ ಸೀಮೆಕೋಸು ಎನ್ನದೆ ನಮ್ಮ ಹಕ್ಕಿಯ ಹೆಸರಿಟ್ಟು ಮನೆಯೊಳಗೆ ಕರೆದುಕೊಂಡೆವು. ಶಿರಾದ ಮೊಘಲರ ಕಾಲದ ತೋಟ ನೋಡಿಯೇ ಹೈದರಾಲಿ 1760ರಲ್ಲಿ ಲಾಲ್‌ಬಾಗ್‌ಗೆ ಕೈಹಾಕಿದ ಅನ್ನುತ್ತಾರೆ. ಪರಊರಿನ ಗಿಡವನ್ನು ಆದರಿಸುವುದು ಈ ಬರಡು ಸೀಮೆಗೆ ಹೊಸದಲ್ಲ.

ಈಗ ನವಿಲಿನ ಹೆಸರು ಹೇಳಿದಂತೆ ಬೆಳೆಯುತ್ತೇನೆ. ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕುತ್ತೇನೆ, ಚೆಂಡನ್ನು ಮುಚ್ಚುವುದಿಲ್ಲ. ನೀರು ಒಂದೇ ಸಮ ಸಿಗಬೇಕು. ನಾಲ್ಕು ದಿನ ಒಣಗಿಸಿ ಐದನೇ ದಿನ ತುಂಬಿಸಿದರೆ ಸಿಪ್ಪೆ ಬಿರಿಯುತ್ತದೆ. ಬೋರ್‌ವೆಲ್ ನೀರಿನ ಊರಿನಲ್ಲಿ ಇದು ಸುಲಭವಲ್ಲ. ಹಾಗಾಗಿ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಆ ಪಾತಿಗೇ. ಆಗಾಗ ಎಲೆಯ ಅಡಿ ತಿರುಗಿಸಿ, ಮೊಟ್ಟೆ ಕಂಡರೆ ಒರೆಸಬೇಕು. ಹೇನು ಕಂಡರೆ ಒಲೆಯ ಬೂದಿ ಉದುರಿಸುತ್ತೇನೆ. ಸುತ್ತ ಜಾಲಿಮುಳ್ಳು ಕಟ್ಟಿದ್ದೇನೆ; ಇಲ್ಲದಿದ್ದರೆ ಕಡ್ಲೆಕಾಯಿ ಹೊಲದಿಂದ ನಿಜವಾದ ನವಿಲುಗಳು ಬಂದು ಎಳೆ ಪೈರು ಕುಕ್ಕುತ್ತವೆ.

ನಾಟಿಯಾದ ಐವತ್ತು ದಿನಕ್ಕೆ ಕೊಯ್ಲು. ಮುಷ್ಟಿಗಾತ್ರ ಸಾಕು. ಇನ್ನೂ ದಪ್ಪವಾಗಲಿ ಎಂದು ಆಸೆಪಟ್ಟರೆ ಒಳಗೆ ನಾರು ತುಂಬುತ್ತದೆ. ಉಗುರು ಒತ್ತಿದಾಗ ಸಿಪ್ಪೆಯಲ್ಲಿ ನೀರು ಜಿನುಗಬೇಕು. ಈ ಸಲದ ಮೊದಲ ಎರಡನ್ನು ಸೊಪ್ಪಿನ ಸಮೇತ ದೊಡ್ಡವ್ವನಿಗೆ ಕೊಟ್ಟೆ. ಸಂಜೆ ತೊಗರಿಬೇಳೆ ಹುಳಿ ಒಂದು ಬಟ್ಟಲು ಬಂತು. ಎಳೆಎಲೆಯನ್ನೂ ಹೆಚ್ಚಿ ಹಾಕಿದ್ದರು. ಮುದ್ದೆ ಇನ್ನೂ ಬಿಸಿಯಾಗಿತ್ತು.