ಮಣೆಯ ಮೇಲೊಂದು ಆಕಾಶ

ಕಳೆದ ಬೇಸಿಗೆ ರಜೆಯಲ್ಲಿ ಅಮೆರಿಕದಿಂದ ವಿಶಾಖಪಟ್ಟಣಕ್ಕೆ ಬಂದ ನನ್ನ ಮೊಮ್ಮಗ ತನ್ನ ಸೂಟ್‌ಕೇಸಿನಿಂದ ಮೊದಲು ಹೊರತೆಗೆದದ್ದು ಒಂದು ಆಟದ ಡಬ್ಬ. ನಡುಮನೆಯ ನೆಲದ ಮೇಲೆ ಅದರ ಹಲಗೆಯ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಹರಡಿದ. ಕತ್ತಲಿನ ಆಕಾಶ, ಅದರಲ್ಲಿ ಅಲ್ಲಲ್ಲಿ ದುಂಡನೆಯ ಗ್ರಹಗಳು. ಮರದ ಪುಟ್ಟ ಬಿಲ್ಲೆಯೊಂದನ್ನು ಇಟ್ಟು ಬೆರಳಿನಿಂದ ಚಿಮ್ಮಿದ. ಅದು ಜಾರುತ್ತ ಹೋಗಿ ಒಂದು ಗ್ರಹದ ಪಕ್ಕದಲ್ಲಿ ನಿಂತಿತು. ಮಂಚದ ಮೇಲೆ ಕುಳಿತು ನೋಡುತ್ತಿದ್ದ ನನ್ನ ತಾಯಿ, ಹೊಳೆನರಸೀಪುರದ ಕಡೆಯವರು, ಎಂಬತ್ತೈದು ದಾಟಿದವರು, "ಇದೇನೋ, ಕೇರಂ ಅಲ್ವೇನೋ! ಗುಳಿ ಮುಚ್ಚಿ ಆಕಾಶ ಬರೆದಿದಾರೆ, ಅಷ್ಟೆ" ಎಂದರು.

ಹುಡುಗನಿಗೆ ಆ ಮಾತು ಪೂರ್ತಿ ಅರ್ಥವಾಗಲಿಲ್ಲ. ಅವನ ಕನ್ನಡ "ಊಟ ಆಯ್ತು", "ನಿದ್ದೆ ಬರ್ತಿದೆ" ಎನ್ನುವಷ್ಟರದು. ಮುತ್ತಜ್ಜಿಗೆ ಇಂಗ್ಲಿಷ್ ಬಾರದು. ಆದರೆ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಆ ಒಂದು ಮಾತಿನ ಜಾಡು ಹಿಡಿದು ಹೊರಟರೆ ನಮ್ಮ ಆಟದ ಮಣೆಗಳ ಚರಿತ್ರೆಯ ಒಂದು ಸ್ವಾರಸ್ಯವಾದ ಅಧ್ಯಾಯ ತೆರೆದುಕೊಳ್ಳುತ್ತದೆ. ವಾಚಕರೊಡನೆ ಅದನ್ನು ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ಈ ಹೊಸ ಆಟದ ಪರಿಚಯ. ಅದರ ಹೆಸರು 'ಅಸೆಂಡಿಂಗ್ ಎಂಪೈರ್ಸ್'. ಇಯಾನ್ ಕೂಪರ್ ಎಂಬುವರು ರಚಿಸಿದ ಇದು 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಇಬ್ಬರಿಂದ ನಾಲ್ವರು ಆಡಬಹುದು. ಪ್ರತಿಯೊಬ್ಬನಿಗೂ ಆಕಾಶದಲ್ಲಿ ಒಂದು ನೆಲೆ. ಅಲ್ಲಿಂದ ನೌಕೆಗಳನ್ನು ಕಳುಹಿಸಿ ಬೇರೆ ಗ್ರಹಗಳನ್ನು ಸೇರಬೇಕು, ವಸತಿ ಕಟ್ಟಬೇಕು, ವಿದ್ಯೆ ಬೆಳೆಸಬೇಕು, ಎದುರಾಳಿಯೊಡನೆ ಕಾದಬೇಕು. ಸರದಿ ಬಂದಾಗ ಇಷ್ಟರಲ್ಲಿ ಒಂದೇ ಕೆಲಸ ಮಾಡಲು ಅವಕಾಶ. ಆದ್ದರಿಂದ ಯೋಚನೆ ಚದುರಂಗದವನ ಹಾಗೆ ಮುಂದಕ್ಕೆ ಓಡಬೇಕು. ಆದರೆ ನೌಕೆ ನಡೆಯುವುದು ದಾಳದಿಂದಲೂ ಅಲ್ಲ, ಮನೆ ಎಣಿಸಿಯೂ ಅಲ್ಲ. ಬೆರಳಿನಿಂದ ಚಿಮ್ಮಬೇಕು. ಗ್ರಹದ ಸುತ್ತಿನ ಗೆರೆಯೊಳಗೆ ನಿಂತರೆ ಸೇರಿದಂತೆ. ಎಷ್ಟು ಒಳ್ಳೆಯ ಯೋಜನೆಯಾದರೂ ಬೆರಳು ಸೋತರೆ ವ್ಯರ್ಥ. ಬೆರಳು ಎಷ್ಟು ಚುರುಕಾದರೂ ಯೋಜನೆಯಿಲ್ಲದಿದ್ದರೆ ವ್ಯರ್ಥ.

ಆಕಾಶವನ್ನು ಮಣೆಯ ಮೇಲೆ ಇಳಿಸುವ ಯೋಚನೆ ಹೊಸದೇ? ಅಲ್ಲ. ನಮ್ಮ ಅಜ್ಜಿಯರ ಕಾಲದ ಪರಮಪದ ಸೋಪಾನ ಪಟವನ್ನು ನೆನೆಯಿರಿ. ತೆಲುಗರು ಅದನ್ನೇ ವೈಕುಂಠಪಾಳಿ ಎನ್ನುತ್ತಾರೆ. ಕೆಳಗಿನಿಂದ ಹೊರಟ ಕಾಯಿ ಲೋಕದಿಂದ ಲೋಕಕ್ಕೆ ಏರುತ್ತ, ಪುಣ್ಯದ ಏಣಿ ಹತ್ತುತ್ತ, ಪಾಪದ ಹಾವಿನ ಬಾಯಿಗೆ ಬಿದ್ದು ಜಾರುತ್ತ, ಕೊನೆಗೆ ವೈಕುಂಠ ಮುಟ್ಟಬೇಕು. ಉತ್ತರದಲ್ಲಿ ಇದೇ ಆಟಕ್ಕೆ ಜ್ಞಾನಚೌಪಡ ಎಂದು ಹೆಸರು. ವೈಷ್ಣವರ ಪಟದಲ್ಲಿ 72 ಮನೆಗಳಿದ್ದರೆ ಜೈನರ ಪಟದಲ್ಲಿ 84. 19ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿಗೆ ಹೋದ ಈ ಆಟ ಲೋಕಗಳನ್ನೆಲ್ಲ ಕಳೆದುಕೊಂಡು ಬರಿಯ ಹಾವು-ಏಣಿಯಾಗಿ ನಮಗೇ ಹಿಂದಿರುಗಿತು.

ಮೈಸೂರಿನಲ್ಲಿ ಗ್ರಹಗಳೇ ಆಟದೊಳಗೆ ಬಂದವು. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಆಟಗಳ ವಿಷಯದಲ್ಲಿ ನಮ್ಮ ನಾಡು ಕಂಡ ಅತಿ ದೊಡ್ಡ ವಿದ್ವಾಂಸರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡ ಮೇಲೆ ಅವರ ಬುದ್ಧಿಶಕ್ತಿ ಕಲೆ, ಸಾಹಿತ್ಯ, ಆಟಗಳ ಕಡೆಗೆ ಹರಿಯಿತು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ದಾರಿಯನ್ನು ಅವರು ರಚಿಸಿದ್ದರು. ಚದ ಎಂಬ ಇಸ್ಪೀಟಿನ ಬಗೆಯ ಎಲೆಯಾಟಗಳನ್ನೂ ಕಲ್ಪಿಸಿದರು. ಅವುಗಳಲ್ಲಿ ನವಗ್ರಹ ಚದವೂ ಒಂದು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟಗಳ ಪಟಗಳನ್ನು ಕಾಣಬಹುದು. ಅದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳನ್ನು ಮತ್ತೆ ಜನರ ಕೈಗೆ ತಂದಿದೆ.

ಇಲ್ಲಿ ಒಂದು ಅಂಶ ಗಮನಿಸಬೇಕು. ಪರಮಪದದ ಪಟದಲ್ಲಿ ಮೇಲಕ್ಕೆ ಏರುವುದು ನಮ್ಮ ಕೈಯಲ್ಲಿಲ್ಲ. ದಾಳ ಬಿದ್ದಂತೆ ನಡೆಯಬೇಕು. ಗ್ರಹಗಳೂ ಹಾಗೆಯೇ. ಅವು ನಮ್ಮನ್ನು ಆಳುವವು, ಜಾತಕದ ಮನೆಗಳಲ್ಲಿ ಕುಳಿತು ನಮ್ಮ ಏಳುಬೀಳುಗಳನ್ನು ಗೊತ್ತುಮಾಡುವವು. ಹಳೆಯ ಮಣೆಯ ಆಕಾಶ ವಿಧಿಯ ಆಕಾಶ. ಅದಕ್ಕೆ ತಲೆಬಾಗುವುದನ್ನು ಆಟ ಮಕ್ಕಳಿಗೆ ಕಲಿಸುತ್ತಿತ್ತು.

ಬೆರಳಿನ ಆಟಗಳ ವಂಶವೇ ಬೇರೆ. ಗೋಲಿ, ಆಣೆಕಲ್ಲು, ಆಮೇಲೆ ಕೇರಂ. ಇಲ್ಲಿ ವಿಧಿಯ ಮಾತಿಲ್ಲ, ಅಭ್ಯಾಸದ್ದೇ ಮಾತು. ಕೇರಂ ಹಲಗೆ ಒಳಗಿನ ಅಳತೆಯಲ್ಲಿ ಸುಮಾರು 74 ಸೆಂಟಿಮೀಟರ್ ಚೌಕ. ಒಂಬತ್ತು ಕಪ್ಪು, ಒಂಬತ್ತು ಬಿಳಿ, ನಡುವೆ ಒಂದು ಕೆಂಪು ರಾಣಿ. ಸ್ಟ್ರೈಕರಿನ ತೂಕ 15 ಗ್ರಾಂ ಮೀರಬಾರದು. ಕಾಯಿಯ ತೂಕ ಅದರ ಮೂರನೆಯ ಒಂದು ಪಾಲಿನಷ್ಟು. ಈ ತೂಕದ ವ್ಯತ್ಯಾಸದಲ್ಲೇ ಆಟದ ಗುಟ್ಟಿದೆ: ಭಾರವಾದದ್ದು ಹಗುರವಾದದ್ದನ್ನು ತಾಗಿದಾಗ ಕಾಯಿ ಮುಂದೆ ಓಡುತ್ತದೆ, ಸ್ಟ್ರೈಕರ್ ಉಳಿದ ವೇಗದಲ್ಲಿ ತನ್ನ ದಾರಿ ಹಿಡಿಯುತ್ತದೆ. ಬೋರಿಕ್ ಪೌಡರ್ ಉದುರಿಸುವುದು ತಿಕ್ಕಾಟ ಕಡಿಮೆಯಾಗಲೆಂದು. ಅಖಿಲ ಭಾರತ ಕೇರಂ ಒಕ್ಕೂಟ 1956ರಲ್ಲಿ ಸ್ಥಾಪನೆಯಾಯಿತು; ಅಂತರರಾಷ್ಟ್ರೀಯ ಒಕ್ಕೂಟ 1988ರಲ್ಲಿ ಚೆನ್ನೈಯಲ್ಲಿ ಹುಟ್ಟಿತು. 1991ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಸ್ಪರ್ಧೆಯನ್ನು ಚೆನ್ನೈನ ಮರಿಯಾ ಇರುದಯಂ ಗೆದ್ದರು. ಹೈದರಾಬಾದಿನ ಎಸ್. ಅಪೂರ್ವ ಮಹಿಳೆಯರ ವಿಶ್ವಪ್ರಶಸ್ತಿ ಪಡೆದವರು. ಇದಕ್ಕೊಬ್ಬ ದೂರದ ನೆಂಟನೂ ಉಂಟು. ಕೆನಡಾದ ಕ್ರೋಕಿನೋಲ್ ಎಂಬ ದುಂಡು ಹಲಗೆಯ ಆಟದಲ್ಲೂ ಬಿಲ್ಲೆಗಳನ್ನು ಬೆರಳಿನಿಂದಲೇ ಚಿಮ್ಮುತ್ತಾರೆ. ಅದರ ಈಗ ತಿಳಿದಿರುವ ಅತಿ ಹಳೆಯ ಹಲಗೆ 1876ರದು.

ನಾನು 1978ರಲ್ಲಿ ಕೆಲಸಕ್ಕೆಂದು ವಿಜಯವಾಡಕ್ಕೆ ಬಂದಾಗ ನನಗೆ ತೆಲುಗಿನ ಒಂದು ಅಕ್ಷರವೂ ಬರುತ್ತಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ, ಅಂಥ ಬಿಸಿಲು. ಕೆಳಮನೆಯ ಜಗಲಿಯಲ್ಲಿ ನಾಲ್ಕು ಜನ ಕೇರಂ ಹಲಗೆಯ ಸುತ್ತ ಕುಳಿತಿದ್ದರು. "ರಂಡಿ, ರಂಡಿ" ಎಂದು ಕರೆದು ಒಂದು ಪಕ್ಕ ಸರಿದು ಜಾಗ ಕೊಟ್ಟರು. ಆ ಊರಿನಲ್ಲಿ ನನ್ನ ಮೊದಲ ಸ್ನೇಹ ಬೆಳೆದದ್ದು ಮಾತಿನಿಂದಲ್ಲ, ಬೆರಳಿನಿಂದ. ಮುಂದೆ ಮದುವೆಯಾಗಿ ಸಂಸಾರ ಹೂಡಿದಾಗ ತಾಯಿ ಊರಿನಿಂದ ಅಳಗುಳಿ ಮಣೆ ತಂದರು. ಏಳೇಳರ ಎರಡು ಸಾಲು, ಒಟ್ಟು 14 ಗುಳಿ. ಪಕ್ಕದ ಮನೆಯಾಕೆ ಅದನ್ನು ಕಂಡವರೇ "ವಾಮನ ಗುಂಟಲು!" ಎಂದು ಹಿಗ್ಗಿ ಕುಳಿತೇಬಿಟ್ಟರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು. ಹುಣಿಸೆ ಬೀಜ ಹಂಚುವಾಗ ಭಾಷೆಯ ಅಗತ್ಯವೇ ಬೀಳಲಿಲ್ಲ.

ಚೌಕಾಬಾರದ ಕಥೆಯೂ ಇದೇ. ತೆಲುಗಿನಲ್ಲಿ ಅದು ಅಷ್ಟಾಚೆಮ್ಮ. ಹೆಸರು ಬೇರೆಯಾದರೂ ಎರಡರ ಹುಟ್ಟೂ ಒಂದೇ ಬಗೆ: ನಾಲ್ಕು ಕವಡೆಗಳಿಂದ ಬೀಳುವ ಎರಡು ದೊಡ್ಡ ಗರಗಳ ಹೆಸರೇ ಆಟದ ಹೆಸರಾಗಿದೆ. ನಮ್ಮ ಚೌಕ ಅವರ ಚೆಮ್ಮ, ಅಂದರೆ ನಾಲ್ಕು. ನಮ್ಮ ಬಾರಾ ಅವರ ಅಷ್ಟ, ಅಂದರೆ ಎಂಟು. ನಾವು ನಾಲ್ಕನ್ನು ಮುಂದಿಟ್ಟೆವು, ಅವರು ಎಂಟನ್ನು ಮುಂದಿಟ್ಟರು, ಅಷ್ಟೇ ಭೇದ.

ಆಟದ ಸಾಮಾನು ಮಾಡುವ ಕೈಗಳಿಗೂ ಈ ನಾಡು ಹೆಸರಾದದ್ದು. 18ನೆಯ ಶತಮಾನದಲ್ಲಿ ವಿಶಾಖಪಟ್ಟಣದ ಕುಶಲಕರ್ಮಿಗಳು ಕಂಪನಿಯ ದೊರೆಗಳಿಗಾಗಿ ಬೀಟೆ ಮರಕ್ಕೆ ದಂತ ಕೂರಿಸಿ ಪೆಟ್ಟಿಗೆ, ಪೀಠೋಪಕರಣಗಳನ್ನು ಮಾಡುತ್ತಿದ್ದರು. ಮಡಿಸಿಡಬಹುದಾದ ಚದುರಂಗದ ಹಲಗೆಗಳೂ ಅವುಗಳಲ್ಲಿದ್ದವು. ಅವು ಹಡಗು ಹತ್ತಿ ಹೋದವು. ಮನೆಮಕ್ಕಳಿಗೆ ಉಳಿದದ್ದು ಮರದ ಬೊಂಬೆಗಳು. ಯಲಮಂಚಿಲಿಯ ಹತ್ತಿರದ ಏಟಿಕೊಪ್ಪಾಕದಲ್ಲಿ ಅರಗಿನ ಬಣ್ಣ ಬಳಿದ ಬುಗುರಿ, ಆಟಿಕೆಗಳನ್ನು ಕಡೆಯುತ್ತಾರೆ. ವಿಜಯವಾಡದ ಪಕ್ಕದ ಕೊಂಡಪಲ್ಲಿಯಲ್ಲಿ ತೆಲ್ಲ ಪೊಣಿಕಿ ಎಂಬ ಹಗುರ ಮರದಿಂದ ದಶಾವತಾರ, ಅಂಬಾರಿ ಆನೆಗಳನ್ನು ಮಾಡುತ್ತಾರೆ. ಏಟಿಕೊಪ್ಪಾಕದವರು ಬಳಸುವ ಅಂಕುಡು ಮರ ಯಾವುದೆಂದು ಬಲ್ಲಿರಾ? ನಮ್ಮ ಚನ್ನಪಟ್ಟಣದ ಬೊಂಬೆಗಳ ಹಾಲೆ ಮರವೇ ಅದು! ಮರ ಒಂದೇ, ಹೆಸರು ಎರಡು.

ಇಷ್ಟು ಹೇಳಿದ ಮೇಲೆ ಮೊಮ್ಮಗನ ಆಟಕ್ಕೆ ಹಿಂದಿರುಗೋಣ. ಅದರಲ್ಲಿ ಕೂಡಿಕೊಂಡಿರುವುದು ಎರಡು ವಂಶಗಳು: ಪರಮಪದದ ಆಕಾಶ ಮತ್ತು ಕೇರಂನ ಬೆರಳು. ಆಕಾಶ ಉಳಿದಿದೆ, ವಿಧಿ ಹೋಗಿದೆ. ಗ್ರಹ ನಮ್ಮನ್ನು ಆಳುವ ದೇವತೆಯಲ್ಲ, ನಾವು ತಲುಪಬೇಕಾದ ಊರು. ಈ ಬದಲಾವಣೆ ಆಟದ ಕೋಣೆಯಲ್ಲಿ ಆದದ್ದಲ್ಲ, ಹೊರಗಿನ ಪ್ರಪಂಚದಲ್ಲಿ ಆದದ್ದು. ಉಡುಪಿಯ ಕಡೆಯ ಅದಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೇಲೆ ಆಕಾಶಕ್ಕೆ ಏರಿತು. 1980ರ ಜುಲೈ 18ರಂದು ರೋಹಿಣಿ ಈ ಆಂಧ್ರದ ಕರಾವಳಿಯ ಶ್ರೀಹರಿಕೋಟಾದಿಂದಲೇ ನಮ್ಮ ರಾಕೆಟ್ಟಿನ ಮೇಲೆ ಹೊರಟಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಹಾರಿಸಿದ್ದು ಆಂಧ್ರದ ನೆಲದಿಂದ, ನಡೆಸಿದ್ದು ಬೆಂಗಳೂರಿನಿಂದ. ಅಲ್ಲಿಯೂ ಕೇರಂನ ನ್ಯಾಯವೇ: ವೇಗ ಕಡಿಮೆಯಾದರೆ ಬೀಳುತ್ತದೆ, ಹೆಚ್ಚಾದರೆ ಕೈತಪ್ಪಿ ಹೋಗುತ್ತದೆ. ಆದರೆ ನೌಕೆಯ ದಾರಿಯನ್ನು ನಡುವೆ ತಿದ್ದಬಹುದು. ಬೆರಳು ಬಿಟ್ಟ ಬಿಲ್ಲೆಯನ್ನು ತಿದ್ದಲಾಗದು.

ಆ ದಿನ ಸಂಜೆ ನನ್ನ ತಾಯಿಯೂ ನೆಲಕ್ಕಿಳಿದು ಕುಳಿತರು. ಹುಡುಗ "ಫ್ಲಿಕ್, ಫ್ಲಿಕ್" ಎಂದ. "ಹಾಗಲ್ಲಪ್ಪಾ, ಚಿಮ್ಮು ಅನ್ನು" ಎಂದರು. ಬೆರಳು ನಡುಗುತ್ತಿತ್ತು, ಮೊದಲ ಎರಡು ಬಿಲ್ಲೆ ಹಲಗೆಯಾಚೆ ಹಾರಿದವು. ಮೂರನೆಯದು ಗ್ರಹದ ಗೆರೆಯೊಳಗೆ ಹೋಗಿ ನಿಂತಿತು. ಹುಡುಗ ಚಪ್ಪಾಳೆ ತಟ್ಟಿದ. ಮರುದಿನ ಬೀರುವಿನಿಂದ ಕವಡೆಗಳು ಹೊರಬಂದವು, ನೆಲದ ಮೇಲೆ ಸೀಮೆಸುಣ್ಣದ ಮನೆಗಳು ಬಿದ್ದವು. ರಜೆ ಮುಗಿಯುವ ಹೊತ್ತಿಗೆ ಅವನು ಗರ ಬಿದ್ದಾಗಲೆಲ್ಲ "ಚೌಕ!" "ಬಾರಾ!" ಎಂದು ಕೂಗುತ್ತಿದ್ದ. "ಕಾಯಿ ಹಣ್ಣಾಯ್ತು ಮುತ್ತಜ್ಜಿ" ಎಂಬ ಪೂರ್ತಿ ವಾಕ್ಯವನ್ನು ನಾವು ಯಾರೂ ಕಲಿಸಿರಲಿಲ್ಲ.

ಹೊರನಾಡಿನಲ್ಲಿ ನೆಲೆಸಿದ ನಾವು ಮಕ್ಕಳ ಕನ್ನಡಕ್ಕಾಗಿ ತರಗತಿ ನಡೆಸುತ್ತೇವೆ, ಪುಸ್ತಕ ತರಿಸುತ್ತೇವೆ, ಅವೆಲ್ಲ ಬೇಕು. ಅದರ ಜೊತೆಗೆ ಮಣೆಯೊಂದನ್ನೂ ಹರಡೋಣ. ಮುಂದಿನ ರಾಜ್ಯೋತ್ಸವದಲ್ಲಿ ನಮ್ಮ ಸಂಘದ ಕೇರಂ ಸ್ಪರ್ಧೆಯ ಪಕ್ಕದಲ್ಲಿ ಚೌಕಾಬಾರ, ಅಳಗುಳಿ ಮಣೆಗಳಿಗೂ ಜಾಗವಿರಲಿ. ಹೊಸ ಆಟವಿದ್ದವರು ಅದನ್ನೂ ತರಲಿ. ಒಂದು ಬದಿಗೆ ಹಿರಿಯರು, ಎದುರಿಗೆ ಮಕ್ಕಳು. ಅಜ್ಜಿಯ ಮಾತು ಮೊಮ್ಮಗನಿಗೆ ತಲುಪಲು ಇದಕ್ಕಿಂತ ಹತ್ತಿರದ ದಾರಿಯನ್ನು ನಾನು ಕಂಡಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಮಣೆ ಇದ್ದರೆ ದಯವಿಟ್ಟು ಕೆಳಗಿಳಿಸಿ, ಧೂಳು ಒರೆಸಿ.